ಆರುವ ತನಕ

ಬಾಗಿಲಿನ ಗಂಟೆ ಈಗಲೂ ಎರಡು ಸಲ ಬಡಿಯುತ್ತದೆ,
ತೆರೆದಾಗ ಒಮ್ಮೆ, ಮನಸ್ಸು ಬದಲಿಸಿದಂತೆ ಇನ್ನೊಮ್ಮೆ.
ಹೊರಗೆ ಹ್ಯಾಮಿಲ್ಟನ್ನಿನ ಫೆಬ್ರವರಿ,
ಉಕ್ಕಿನ ಕಾರ್ಖಾನೆಯ ಮಸಿ ಕೂತು ಮಾಸಿದ ಹಿಮ.
ಒಳಗೆ ಹತ್ತೇ ಹತ್ತು ಮೇಜು,
ಎಣ್ಣೆಗಿಳಿದ ಬೆಳ್ಳುಳ್ಳಿ,
ಅಮ್ಮನ ಕನ್ನಡಕಕ್ಕೆ ಹಬೆ.

ಒರೆಸಿಕೊಳ್ಳದೆ ಹಾಗೇ ನಿಂತಳು
ಎಂಬತ್ತೊಂದರ ಡೋರೀನ್, ಕೈಚೀಲ ಎದೆಗೊತ್ತಿಕೊಂಡು.
ಈ ಊರಿಗೆ ಕಾಲಿಟ್ಟು ಮೂವತ್ತು ವರ್ಷ.
ಬೆಳಿಗ್ಗೆ ಅಪ್ಪನನ್ನು ಮಣ್ಣು ಮಾಡಿದೆವು.
ಹಸಿವು ಅಂದದ್ದು ಅವಳೇ, ಎಲ್ಲಿಗಾದರೂ ಸರಿ ಅಂದದ್ದೂ ಅವಳೇ;
ಕಾರು ತಾನಾಗಿ ಇತ್ತ ತಿರುಗಿತು.

ನನಗಾಗ ಏಳು. ಕೋರ್ಟಿನ ಕಾಗದದಲ್ಲಿ
ಭಾನುವಾರ ಸಂಜೆ ಆರು ಗಂಟೆ,
'ಇಬ್ಬರಿಗೂ ಒಪ್ಪಿಗೆಯಾದ ಸ್ಥಳ'.
ಅವರಿಬ್ಬರಿಗೂ ಒಪ್ಪಿಗೆಯಾದದ್ದು ಅದೊಂದೇ,
ಈ ಮೂಲೆ ಮೇಜು,
ಅವನ ಮನೆಯಿಂದಲೂ ಅವಳ ಮನೆಯಿಂದಲೂ
ಬಸ್ಸಿನಲ್ಲಿ ಸಮಸಮ ನಾಲ್ಕು ನಿಲ್ದಾಣ.
ನಾನೂ ನನ್ನ ಕಂದು ಪೆಟ್ಟಿಗೆಯೂ
ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿದ್ದದ್ದು ಇಲ್ಲಿ.
ಬರಿದೆ ಕೂರಲಾದೀತೆ? ಒಂದು ತಟ್ಟೆ ಹೇಳುತ್ತಿದ್ದರು,
ಮಗುವಿಗೆ, ಬರೀ ಮಗುವಿಗೆ:
ಸಾರ್ಡೀನ್ ಮೀನಿನ ಪಾಸ್ತಾ, ಮೇಲೆ ಹುರಿದ ಬ್ರೆಡ್ಡಿನ ಪುಡಿ.

ತಟ್ಟೆ ಬರುತ್ತಿರಲಿಲ್ಲ.
ಆರೂ ಕಾಲು. ಆರೂವರೆ.
ಕಲೋಜೆರಾ ಅಡುಗೆಮನೆಯ ಪರದೆ ಸರಿಸಿ
ಒಂದೇ ಕಣ್ಣಲ್ಲಿ ನೋಡಿ, ಮತ್ತೆ ಒಳಗೆ.
ನಮ್ಮ ನಂತರ ಬಂದವರು ತಿಂದು ಬಾಯೊರೆಸಿ ಎದ್ದರೂ
ನಮ್ಮದು ಇನ್ನೂ ಬೇಯುತ್ತಿತ್ತು.
ಅಷ್ಟರಲ್ಲಿ ಅಪ್ಪ ರಾತ್ರಿ ಪಾಳಿಯ ಮಾತೆತ್ತುತ್ತಿದ್ದ,
ಅಮ್ಮ ನನ್ನ ಹಲ್ಲಿನ ಡಾಕ್ಟರ ಲೆಕ್ಕ.
ಕಾಗದದ ಮೇಜುಹಾಸಿನ ಮೇಲೆ ನಾನು ಕುದುರೆ ಬರೆದರೆ
ಅಪ್ಪ ಅದಕ್ಕೆ ಬಾಲ, ಅಮ್ಮ ಅದಕ್ಕೆ ಹುಲ್ಲು.
ಒಮ್ಮೆ, ಒಂದೇ ಒಮ್ಮೆ, ಅವಳು ಜೋರಾಗಿ ನಕ್ಕಳು.
ಯಾಕೆಂದು ಮರೆತಿದ್ದೇನೆ,
ಒಳದವಡೆಯ ಬೆಳ್ಳಿ ತುಂಬಿಸಿದ ಹಲ್ಲು ಕಂಡದ್ದು ನೆನಪಿದೆ.

ಈಗ ಮೇಜಿಗೆ ಒರೆಸಿದರೆ ಹೋಗುವ ಪ್ಲಾಸ್ಟಿಕ್ಕು,
ಅದರ ಮೇಲೆ ಪೆನ್ಸಿಲ್ಲು ಮೂಡುವುದಿಲ್ಲ.
ಕಲೋಜೆರಾ ಗೋಡೆಯಲ್ಲಿದ್ದಾಳೆ, ಕಾಫಿ ಯಂತ್ರದ ಮೇಲೆ,
ಫೋಟೋ ತೆಗೆದವನ ಮೇಲೂ ಅನುಮಾನವಿದ್ದವಳ ಹಾಗೆ.
ಮಗ ಜೆರ್ಲಾಂಡೊ,
ಈ ನೆಲದಲ್ಲೇ ನನ್ನ ಜೊತೆ ಗೋಲಿ ಉರುಳಿಸಿದವನು, ತಲೆ ಈಗ ನುಣುಪು,
ಎಂಟೇ ನಿಮಿಷಕ್ಕೆ ತಟ್ಟೆ ತಂದಿಟ್ಟ.

ಕೈ ತೊಳೆಯಲು ಹೋದಾಗ ಓಣಿಯಲ್ಲಿ ತಡೆದು ಹೇಳಿದ:
'ಭಾನುವಾರ ಆ ಮೂಲೆಗೆ ಬೇಗ ಒಯ್ದರೆ
ಸೌಟಿನಲ್ಲೇ ಬೀಳ್ತಿತ್ತು ನನಗೆ.
ನೀರು ಕುದೀತಮ್ಮಾ ಅಂದರೆ, ಕುದೀಲಿ ಬಿಡು ಅನ್ನೋಳು.
ಕಣ್ಣಿಲ್ಲವೇನೋ, ಅವರಿನ್ನೂ ಮಾತಾಡ್ತಿದ್ದಾರೆ ಅನ್ನೋಳು.'

ಬೇಯುವ ತನಕ ಇದ್ದವರಿಗೆ
ಆರುವ ತನಕ ಇರಲಾಗದೆ, ಎನ್ನುತ್ತದೆ ಗಾದೆ.
ಈ ಮುದುಕಿಯದು ತಿರುವುಮುರುವು:
ಆರಿಹೋದದ್ದನ್ನು ಬೇಯಿಸುತ್ತ ನಿಂತಿದ್ದಳು,
ವಾರಕ್ಕೊಮ್ಮೆ, ಸಣ್ಣ ಉರಿಯಲ್ಲಿ, ಐದು ವರ್ಷ.
ಬೇಯಲಿಲ್ಲ. ಆ ಮಾತು ಬೇರೆ.

ಅಮ್ಮನಿಗೆ ಹೇಳಲಿಲ್ಲ.
ಅವಳು ಮುಳ್ಳುಚಮಚಕ್ಕೆ ಪಾಸ್ತಾ ಸುತ್ತುತ್ತ
'ಆಗೆಲ್ಲ ಎಷ್ಟು ತಡ ಮಾಡ್ತಿದ್ದರು' ಅಂದಳು.
ಹೂಂ ಅಂದೆ.
'ಓರೆಸ್ಟ್‌ಗೆ ತಾಳ್ಮೆ ಅನ್ನೋದೇ ಇರಲಿಲ್ಲ ನೋಡು.
ಬ್ಯಾಂಕಿನ ಸಾಲಿನಿಂದ ಬೈದುಕೊಂಡು ಹೊರಟುಬಿಡ್ತಿದ್ದ.
ಇಲ್ಲಿ ಮಾತ್ರ...'
ಮೀನಿನ ಮುಳ್ಳೊಂದನ್ನು ತೆಗೆದು ತಟ್ಟೆಯಂಚಿಗೆ ಇಟ್ಟಳು.
'ಇಲ್ಲಿ ಮಾತ್ರ ಒಮ್ಮೆಯೂ ಕೈಯೆತ್ತಿ ಯಾರನ್ನೂ ಕರೀಲಿಲ್ಲ.'
ಇನ್ನೊಂದು ಮುಳ್ಳು.
'ನಾನೂ.'

ಅರ್ಧ ತಿಂದಳು.
ಉಳಿದರ್ಧವನ್ನು ಡಬ್ಬಿಗೆ ಹಾಕಿಸಿಕೊಂಡು
ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಳು,
ಕಾರಿನಲ್ಲಿ, ದಾರಿಯುದ್ದಕ್ಕೂ, ಬಿಸಿಯಿರುವಾಗಲೇ
ಯಾರಿಗೋ ತಲುಪಿಸಬೇಕೆನ್ನುವ ಹಾಗೆ.